ಹೊಸ ಲ್ಯಾಪ್‌ಟಾಪ್ ಮುನಿಸಿಕೊಂಡರೆ: ಮಾಡಬೇಕಾದ್ದು, ಮಾಡಬಾರದ್ದು

ವಿಂಡೋಸ್ 11 ಇರುವ ಲ್ಯಾಪ್‌ಟಾಪನ್ನು ಈಚೆಗೆ ಮನೆಗೆ ತಂದವರಿಗೆ ಈ ಸೂಚನೆ. ತಂದು ಒಂದೆರಡು ತಿಂಗಳೂ ಆಗದ ಯಂತ್ರ ಕೊಡುವ ಕಾಟದಲ್ಲಿ ಬಹುಪಾಲು ಅದು ಕೆಟ್ಟಿದ್ದರಿಂದ ಬಂದದ್ದಲ್ಲ. ಅರ್ಧಕ್ಕೆ ನಿಂತ ಅಪ್‌ಡೇಟ್, ಯಾರೂ ಹೇಳದೆ ತಾನೇ ಆನ್ ಆಗಿರುವ ಸೆಟ್ಟಿಂಗ್, ಗೊತ್ತಿಲ್ಲದೆ ಒತ್ತಿದ ಕೀಲಿ, ಅಷ್ಟೇ. ನಿಜವಾಗಿ ಹಾಳಾಗುವುದು ಆಮೇಲೆ, ಗಾಬರಿಯಲ್ಲಿ ನಾಲ್ಕು ಜನರನ್ನು ಕೇಳಿ ಎಂಟು ಬಗೆಯಲ್ಲಿ ಸರಿಮಾಡಲು ಹೊರಟಾಗ. ಹಾಗಾಗಿ ಈ ಸೂಚನೆಯಲ್ಲಿ ಮಾಡಬೇಕಾದ್ದಕ್ಕಿಂತ ಮಾಡಬಾರದ್ದೇ ಹೆಚ್ಚು.

ಮೊದಲು ಒಂದು ಗೆರೆ ಎಳೆಯೋಣ. ಸುಟ್ಟ ವಾಸನೆ, ಉಬ್ಬಿದ ತಳ, ಕೆಳಗಿನಿಂದ ಯಾರೋ ಎತ್ತಿದಂತೆ ಮೇಲೆದ್ದ ಟಚ್‌ಪ್ಯಾಡ್, ಕೀಲಿಗಳ ಮೇಲೆ ಚೆಲ್ಲಿದ ಕಾಫಿ, ಇವು ಸಾಫ್ಟ್‌ವೇರ್ ತೊಂದರೆಗಳಲ್ಲ. ಚಾರ್ಜರ್ ಕಿತ್ತು, ಆಫ್ ಮಾಡಿ, ಬಿಲ್ ಸಮೇತ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಬ್ಯಾಟರಿ ಉಬ್ಬಿದ್ದರೆ ಮತ್ತೆ ಚಾರ್ಜಿಗೆ ಹಾಕಿ ನೋಡುವ ಕುತೂಹಲ ಖಂಡಿತ ಬೇಡ. ಮುಂದಿನದೆಲ್ಲ ಉಳಿದ ತೊಂದರೆಗಳಿಗೆ.

ಮೊದಲ ದಿನ

ಲ್ಯಾಪ್‌ಟಾಪಿಗೆ ಮೊದಲು ಹಾಕುವ ಮೈಕ್ರೋಸಾಫ್ಟ್ ಖಾತೆ ನಿಮ್ಮದೇ ಆಗಿರಬೇಕು. ಅಂಗಡಿಯವರು "ನಾವೇ ಆನ್ ಮಾಡಿ ಕೊಡ್ತೀವಿ ಸಾರ್, ಎರಡು ನಿಮಿಷ" ಎಂದು ತಮ್ಮದೊಂದು ಮೇಲ್ ಐಡಿ ಹಾಕಿ ಶುರುಮಾಡುವುದುಂಟು. ಬಿಡಬೇಡಿ. ಇದು ಬರೀ ಹೆಸರಿನ ವಿಷಯವಲ್ಲ. ಲ್ಯಾಪ್‌ಟಾಪಿನ ಜೊತೆ ಬಂದ ಆಫೀಸ್ ಲೈಸೆನ್ಸ್ ಅದನ್ನು ಆಕ್ಟಿವೇಟ್ ಮಾಡಿದ ಖಾತೆಗೇ ಅಂಟಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡದು ಡಿಸ್ಕಿನ ಬೀಗದ ಮಾತು. ಈಗಿನ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದೊಡನೆ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ. ಅದನ್ನು ತೆರೆಯುವ 48 ಅಂಕಿಗಳ ರಿಕವರಿ ಕೀ ಆ ಖಾತೆಯಲ್ಲಿ ಕೂರುತ್ತದೆ. ಖಾತೆ ಅಂಗಡಿಯ ಹುಡುಗನದಾದರೆ ನಿಮ್ಮ ಮನೆಯ ಬೀಗದ ಕೈ ಅವನ ಜೇಬಿನಲ್ಲಿದ್ದಂತೆ.

ಆ 48 ಅಂಕಿಗಳನ್ನು ಮೊದಲ ವಾರದಲ್ಲೇ ಹುಡುಕಿ ಇಟ್ಟುಕೊಳ್ಳಿ. ಫೋನಿನ ಬ್ರೌಸರಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ, ಡಿವೈಸಸ್ ಎಂಬಲ್ಲಿ ಈ ಲ್ಯಾಪ್‌ಟಾಪಿನ ಹೆಸರು ಒತ್ತಿದರೆ ರಿಕವರಿ ಕೀ ಸಿಗುತ್ತದೆ. ಕಾಗದದಲ್ಲಿ ಬರೆದು ಬಿಲ್ಲಿನ ಜೊತೆ ಇಡಿ. ಫೋಟೊ ತೆಗೆದು ಅದೇ ಲ್ಯಾಪ್‌ಟಾಪಿನೊಳಗೆ ಇಡಬೇಡಿ. ಬೇಕಾಗುವ ಹೊತ್ತಿನಲ್ಲಿ ಆ ಲ್ಯಾಪ್‌ಟಾಪೇ ತೆರೆಯುತ್ತಿರುವುದಿಲ್ಲ.

ಈ ಅಂಕಿಗಳು ಎಂದೂ ಬೇಕಾಗುವುದಿಲ್ಲ ಎಂದುಕೊಳ್ಳುವವರು 2024ರ ಜುಲೈ 19 ನೆನೆಯಬೇಕು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರಿನ ಒಂದು ದೋಷಯುಕ್ತ ಅಪ್‌ಡೇಟಿನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಕೆಟ್ಟ ಫೈಲನ್ನು ಸೇಫ್ ಮೋಡಿನಲ್ಲಿ ಅಳಿಸಿದರೆ ಯಂತ್ರ ಎದ್ದು ಕೂರುತ್ತಿತ್ತು, ಕೆಲಸ ಅಷ್ಟೇ. ಆದರೆ ಬೀಗ ಬಿದ್ದ ಯಂತ್ರಗಳು ಅದಕ್ಕೂ ಮೊದಲು ಕೇಳಿದ್ದು ಈ 48 ಅಂಕಿಗಳನ್ನು. ಪಟ್ಟಿ ಇಟ್ಟುಕೊಂಡಿದ್ದವರು ಬೇಗ ಪಾರಾದರು.

ಮೊದಲ ದಿನ ಯಂತ್ರ ನಿಧಾನ ಎಂದು ತೀರ್ಪು ಕೊಡಬೇಡಿ. ಕಾರ್ಖಾನೆಯಲ್ಲಿ ತುಂಬಿದ ವಿಂಡೋಸಿಗೂ ನೀವು ಪೆಟ್ಟಿಗೆ ಬಿಚ್ಚಿದ ದಿನಕ್ಕೂ ನಡುವೆ ತಿಂಗಳುಗಳು ಕಳೆದಿರುತ್ತವೆ. ಅಷ್ಟೂ ತಿಂಗಳ ಅಪ್‌ಡೇಟುಗಳು, ತಯಾರಕರ ಡ್ರೈವರುಗಳು, ಸ್ಟೋರಿನ ಆ್ಯಪ್‌ಗಳು ಒಟ್ಟಿಗೆ ಇಳಿಯಲು ನುಗ್ಗುತ್ತವೆ. ಫ್ಯಾನ್ ಗುಂಯ್ ಎನ್ನುತ್ತದೆ, ತಳ ಬಿಸಿಯಾಗುತ್ತದೆ, ಒಂದು ಫೋಲ್ಡರ್ ತೆರೆಯಲೂ ತಡವಾಗುತ್ತದೆ. ಚಾರ್ಜರ್ ಹಾಕಿ, ವೈಫೈ ಕೊಟ್ಟು, ಒಂದು ರಾತ್ರಿ ಅದರ ಪಾಡಿಗೆ ಬಿಡಿ. ಬೆಳಗ್ಗೆ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದು, ಇನ್ನು ಬಾಕಿ ಇಲ್ಲ ಎನ್ನುವವರೆಗೆ ಮತ್ತೆ ಮತ್ತೆ ಹುಡುಕಿಸಿ. ಒಂದು ಸಲ ರೀಸ್ಟಾರ್ಟ್ ಆದ ಮೇಲೆ ಇನ್ನೊಂದು ಕಂತು ಬರುವುದು ಸಾಮಾನ್ಯ.

ಅಪ್‌ಡೇಟ್ ನಡೆಯುವಾಗ ಪವರ್ ಬಟನ್ ಒತ್ತಬೇಡಿ. ಶೇಕಡಾವಾರು ಸಂಖ್ಯೆ ಒಂದೇ ಕಡೆ ಅರ್ಧ ಗಂಟೆ ನಿಂತರೂ ಒತ್ತಬೇಡಿ. ಬಯೋಸ್ ಅಪ್‌ಡೇಟ್ ಆದರೆ ಇನ್ನೂ ಕಟ್ಟುನಿಟ್ಟು: ಚಾರ್ಜರ್ ಹಾಕಿರಬೇಕು, ಬ್ಯಾಟರಿಯೂ ಅರ್ಧಕ್ಕಿಂತ ಮೇಲಿರಬೇಕು, ಕರೆಂಟ್ ಹೋಗಿ ಬರುವ ಹೊತ್ತಿನಲ್ಲಿ ಅದನ್ನು ಶುರುಮಾಡಲೇಬಾರದು. ಬೇಸಿಗೆಯ ಸಂಜೆ ಯಾವ ಊರಿನಲ್ಲಿ ಎಷ್ಟು ಹೊತ್ತಿಗೆ ಕರೆಂಟ್ ತೆಗೆಯುತ್ತಾರೆ ಎಂಬುದು ಅಲ್ಲಿನವರಿಗೆ ಯಾವ ಎಂಜಿನಿಯರಿಗಿಂತ ಚೆನ್ನಾಗಿ ಗೊತ್ತು.

ಮನೆಯಲ್ಲಿ ವೈಫೈ ಇಲ್ಲದೆ ಫೋನಿನ ಹಾಟ್‌ಸ್ಪಾಟಿನಲ್ಲಿ ನಡೆಸುವವರಿಗೆ ಬೇರೆ ನಿಯಮ. ದಿನಕ್ಕೆ ಒಂದೂವರೆ, ಎರಡು ಜಿಬಿ ಪ್ಯಾಕ್ ಹಾಕಿಸಿದವರ ಡೇಟಾವನ್ನು ಹೊಸ ಲ್ಯಾಪ್‌ಟಾಪ್ ತಿಂಡಿಯ ಹೊತ್ತಿಗೇ ಮುಗಿಸಿರುತ್ತದೆ. ಆಮೇಲೆ ಏನೂ ತೆರೆಯದಾಗ "ಲ್ಯಾಪ್‌ಟಾಪಿನಲ್ಲಿ ನೆಟ್ ಕೆಟ್ಟಿದೆ" ಎಂಬ ದೂರು. ಆ ಹಾಟ್‌ಸ್ಪಾಟಿನ ಹೆಸರು ಒತ್ತಿ, ಪ್ರಾಪರ್ಟೀಸ್ ತೆರೆದು, ಮೀಟರ್ಡ್ ಕನೆಕ್ಷನ್ ಆನ್ ಮಾಡಿ. ದೊಡ್ಡ ಇಳಿಕೆಗಳು ಬಹುಮಟ್ಟಿಗೆ ನಿಲ್ಲುತ್ತವೆ. ಆದರೆ ಹಾಗೇ ವರ್ಷಗಟ್ಟಲೆ ಬಿಡಬೇಡಿ. ವಾರಕ್ಕೊಮ್ಮೆ ಕಾಲೇಜಿನಲ್ಲೋ ನೆಂಟರ ಮನೆಯಲ್ಲೋ ಒಳ್ಳೆಯ ವೈಫೈ ಸಿಕ್ಕಾಗ ಅಪ್‌ಡೇಟ್ ಮುಗಿಸಿಕೊಳ್ಳಿ.

ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್

ಏನೇ ತೊಂದರೆ ಬಂದರೂ ಮೊದಲ ಹೆಜ್ಜೆ ಇದು. ಎಲ್ಲರೂ ಹೇಳುವ ಮಾತು, ಎಲ್ಲರೂ ತಪ್ಪಾಗಿ ಮಾಡುವ ಕೆಲಸ. ವಿಂಡೋಸ್ 8ರ ಕಾಲದಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿದೆ. ಅದು ಆನ್ ಇದ್ದರೆ ನೀವು ಶಟ್‌ಡೌನ್ ಕೊಟ್ಟಾಗ ವಿಂಡೋಸಿನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ. ಇದ್ದ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು, ಮರುದಿನ ಅದನ್ನೇ ಎತ್ತಿಕೊಂಡು ಏಳುತ್ತದೆ. ನಿನ್ನೆ ತಲೆಕೆಟ್ಟಿದ್ದ ಡ್ರೈವರ್ ಇವತ್ತೂ ತಲೆಕೆಟ್ಟೇ ಏಳುತ್ತದೆ. ಎಲ್ಲವನ್ನೂ ಮುಚ್ಚಿ ಹೊಸದಾಗಿ ತೆರೆಯುವುದು ರೀಸ್ಟಾರ್ಟ್ ಮಾತ್ರ. "ರಾತ್ರಿ ಆಫ್ ಮಾಡಿದ್ದೆ, ಆದರೂ ಬ್ಲೂಟೂತ್ ಬರ್ತಿಲ್ಲ" ಎನ್ನುವವರು ಇಷ್ಟು ಮಾಡಿ ನೋಡಲಿ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚುವುದಂತೂ ಆಫ್ ಮಾಡುವುದೇ ಅಲ್ಲ.

ಒಂದೇ ಆ್ಯಪ್ ಹ್ಯಾಂಗ್ ಆಗಿದ್ದರೆ ಇಡೀ ಯಂತ್ರಕ್ಕೆ ಶಿಕ್ಷೆ ಕೊಡಬೇಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಆ ಆ್ಯಪನ್ನು ಮಾತ್ರ ಎಂಡ್ ಮಾಡಿ. ಪರದೆಯೇ ಕಪ್ಪಾಗಿ, ಶಬ್ದ ಮಾತ್ರ ಕೇಳುತ್ತಿದ್ದರೆ ವಿಂಡೋಸ್ ಕೀಲಿ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಇದು ಗ್ರಾಫಿಕ್ಸ್ ಡ್ರೈವರನ್ನು ಮಾತ್ರ ಎಬ್ಬಿಸುತ್ತದೆ, ತೆರೆದಿಟ್ಟ ಕೆಲಸ ಹೋಗುವುದಿಲ್ಲ. ಯಾವುದಕ್ಕೂ ಜಗ್ಗದಿದ್ದಾಗ ಮಾತ್ರ ಪವರ್ ಬಟನನ್ನು ಹತ್ತು ಸೆಕೆಂಡಿಗೂ ಹೆಚ್ಚು ಒತ್ತಿ ಹಿಡಿಯಿರಿ.

ಸಂದೇಶ ಏನು ಬಂತೋ ಅದನ್ನು ಫೋನಿನಲ್ಲಿ ಫೋಟೊ ತೆಗೆಯಿರಿ, ಒತ್ತುವ ಮೊದಲು. "ಏನೋ ಬಂತು, ಓಕೆ ಕೊಟ್ಟೆ, ಹೋಯ್ತು" ಎನ್ನುವವರಿಗೆ ಸಹಾಯ ಮಾಡುವುದು ಯಾರಿಗೂ ಸಾಧ್ಯವಿಲ್ಲ. ತೊಂದರೆ ಶುರುವಾಗುವ ಮೊದಲು ಏನು ಹಾಕಿದಿರಿ, ಏನು ತೆಗೆದಿರಿ ಎಂದೂ ನೆನಪು ಮಾಡಿಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ರೀಸ್ಟಾರ್ಟ್ ಕೊಡಿ, ನೋಡಿ. ಗುಣವಾಗದಿದ್ದರೆ ಆ ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಂಡೇ ಮುಂದಿನದಕ್ಕೆ ಹೋಗಿ. ಒಂದೇ ಸಂಜೆಯಲ್ಲಿ ಐದು ವೀಡಿಯೊ ನೋಡಿ ಐದೂ ಮಾಡಿಬಿಟ್ಟವರಿಗೆ, ಸರಿಹೋದರೆ ಯಾವುದರಿಂದ ಎಂದು ತಿಳಿಯುವುದಿಲ್ಲ, ಕೆಟ್ಟರೆ ಯಾವುದರಿಂದ ಎಂದೂ ತಿಳಿಯುವುದಿಲ್ಲ.

ಇವು ದೋಷಗಳಲ್ಲ, ಸರ್ವಿಸ್ ಸೆಂಟರಿಗೆ ಓಡಬೇಡಿ

512 ಜಿಬಿ ಎಂದು ಕೊಟ್ಟ ಡಿಸ್ಕ್ 477 ಎಂದು ತೋರಿಸುತ್ತದೆ. ಯಾರೂ ಕದ್ದಿಲ್ಲ. ತಯಾರಕರು ಜಿಬಿ ಎಂದರೆ ನೂರು ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತಾರೆ, ವಿಂಡೋಸ್ 1024ರ ಗುಣಕದಲ್ಲಿ ಎಣಿಸುತ್ತದೆ.

ಬ್ಯಾಟರಿ ಎಂಬತ್ತಕ್ಕೆ ನಿಲ್ಲುತ್ತದೆ, ನೂರಾಗುವುದಿಲ್ಲ. ಲೆನೊವೊ ವಾಂಟೇಜ್, ಮೈಏಸಸ್ ಮುಂತಾದ ತಯಾರಕರ ಆ್ಯಪ್‌ಗಳಲ್ಲಿ ಬ್ಯಾಟರಿಯ ಆಯುಸ್ಸು ಉಳಿಸುವ ಸೆಟ್ಟಿಂಗ್ ಇರುತ್ತದೆ. ಸದಾ ಮೇಜಿನ ಮೇಲೆ ಚಾರ್ಜಿಗೆ ಹಾಕಿಯೇ ಬಳಸುವವರು ಅದನ್ನು ಹಾಗೇ ಬಿಡುವುದು ಒಳ್ಳೆಯದು. ಊರಿಗೆ ಹೊರಟಾಗ ತೆಗೆಯಿರಿ.

ಕ್ಯಾಮೆರಾ ಕಪ್ಪು? ಪರದೆಯ ಮೇಲಂಚಿನಲ್ಲಿ ಚಿಕ್ಕ ಪ್ಲಾಸ್ಟಿಕ್ ಬಾಗಿಲಿದೆಯೇ ನೋಡಿ, ಬೆರಳಲ್ಲಿ ಸರಿಸಿ. ಟಚ್‌ಪ್ಯಾಡ್ ಸತ್ತಂತಿದೆಯೇ? ಮೇಲಿನ ಸಾಲಿನ ಎಫ್ ಕೀಲಿಗಳಲ್ಲೊಂದರ ಮೇಲೆ ಅದರ ಚಿತ್ರವಿದ್ದರೆ ಎಫ್‌ಎನ್ ಜೊತೆ ಒತ್ತಿ. ಪ್ರೊಜೆಕ್ಟರಿಗೆ ಸಿಕ್ಕಿಸಿ ತೆಗೆದ ಮೇಲೆ ಪರದೆ ವಿಚಿತ್ರವಾದರೆ ವಿಂಡೋಸ್ ಕೀಲಿ ಮತ್ತು ಪಿ. ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿದಾಗ ಎದ್ದುಬರುವ ಸ್ಟಿಕಿ ಕೀಸ್ ಪ್ರಶ್ನೆಗೆ ನೋ ಎನ್ನಿ.

ಅಟ್ ಚಿಹ್ನೆ ಒತ್ತಿದರೆ ಉದ್ಧರಣ ಚಿಹ್ನೆ ಬರುತ್ತಿದೆ, ಉದ್ಧರಣ ಒತ್ತಿದರೆ ಅಟ್ ಬರುತ್ತಿದೆ ಎಂದಾದರೆ ಕೀಬೋರ್ಡ್ ಕೆಟ್ಟಿಲ್ಲ. ಸೆಟಪ್ ಮಾಡುವಾಗ ಬ್ರಿಟನ್ನಿನ ಕೀಬೋರ್ಡ್ ಆರಿಸಿದ್ದೀರಿ. ಲಾಂಗ್ವೇಜ್ ಸೆಟ್ಟಿಂಗಿನಲ್ಲಿ ಇಂಗ್ಲಿಷ್ ಇಂಡಿಯಾ ಅಥವಾ ಯುಎಸ್ ಹಾಕಿ ಅದನ್ನು ತೆಗೆದುಬಿಡಿ. ಅಮೆರಿಕದಿಂದ ಮಗ ತಂದುಕೊಟ್ಟ ಲ್ಯಾಪ್‌ಟಾಪಾದರೆ ಗಡಿಯಾರ ನೋಡಿ. ಅದು ಇನ್ನೂ ಅಲ್ಲಿಯ ಹೊತ್ತೇ ತೋರಿಸುತ್ತಿರಬಹುದು. ದಿನಾಂಕವೇ ತಪ್ಪಿದ್ದರೆ ಬ್ಯಾಂಕಿನ ತಾಣ ಸುರಕ್ಷಿತವಲ್ಲ ಎಂದು ಬ್ರೌಸರ್ ಹೆದರಿಸುತ್ತದೆ. ತಾಣದ ಪ್ರಮಾಣಪತ್ರದ ಅವಧಿಯನ್ನು ಅದು ನಿಮ್ಮ ಗಡಿಯಾರಕ್ಕೇ ತಾಳೆ ನೋಡುವುದು. ಎಚ್ಚರಿಕೆಯನ್ನು ದಾಟಿ ಒಳಗೆ ಹೋಗಬೇಡಿ, ಗಡಿಯಾರ ಸರಿಮಾಡಿ.

ಹೊರಗಿನ ಸಾಫ್ಟ್‌ವೇರ್ ಹಾಕಲು ಹೋದರೆ ಸ್ಟೋರಿನಿಂದ ಮಾತ್ರ ಎನ್ನುತ್ತಿದ್ದರೆ ನಿಮ್ಮ ವಿಂಡೋಸ್ ಎಸ್ ಮೋಡಿನಲ್ಲಿದೆ. ಹೊರಬರುವುದು ಉಚಿತ, ಸ್ಟೋರಿನಲ್ಲೇ ದಾರಿಯಿದೆ. ಒಮ್ಮೆ ಬಂದ ಮೇಲೆ ಮರಳಿ ಹೋಗಲಾಗುವುದಿಲ್ಲ. ಇದಕ್ಕೆ ದುಡ್ಡು ಕೇಳುವವರಿಗೆ ಕೊಡಬೇಡಿ.

ಡೆಸ್ಕ್‌ಟಾಪಿನ ಫೈಲುಗಳು ಮಾಯವಾದರೆ

ಹೊಸ ಲ್ಯಾಪ್‌ಟಾಪಿನಲ್ಲಿ ಅತಿ ಹೆಚ್ಚು ಕಣ್ಣೀರು ಹಾಕಿಸುವುದು ವೈರಸ್ ಅಲ್ಲ, ಒನ್‌ಡ್ರೈವ್ ಎಂದು ನನ್ನ ಅನಿಸಿಕೆ. ಸೆಟಪ್ ಹೊತ್ತಿನಲ್ಲಿ ನೆಕ್ಸ್ಟ್, ನೆಕ್ಸ್ಟ್ ಎಂದು ಒತ್ತುತ್ತ ಹೋದವರ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳು ತಾವಾಗಿ ಒನ್‌ಡ್ರೈವ್ ಎಂಬ ಮೈಕ್ರೋಸಾಫ್ಟಿನ ಮೋಡಕ್ಕೆ, ಅಂದರೆ ಇಂಟರ್ನೆಟ್ಟಿನಲ್ಲಿರುವ ಅವರ ಜಾಗಕ್ಕೆ, ಹೋಗಲು ಶುರುವಾಗಿರುತ್ತವೆ. ಅಲ್ಲಿ ಉಚಿತವಾಗಿ ಸಿಗುವ ಜಾಗ 5 ಜಿಬಿ. ಹಳೆಯ ಲ್ಯಾಪ್‌ಟಾಪಿನ ಮದುವೆ ಫೋಟೊಗಳನ್ನು ಡೆಸ್ಕ್‌ಟಾಪಿಗೆ ಸುರಿದ ದಿನವೇ ಜಾಗ ತುಂಬಿತು, ದುಡ್ಡು ಕೊಡಿ ಎಂಬ ಕೆಂಪು ಸಂದೇಶ ಬರುತ್ತದೆ. ಅದು ನಿಮ್ಮ ಡಿಸ್ಕ್ ತುಂಬಿದ ಸುದ್ದಿಯಲ್ಲ, ಮೋಡದ ಜಾಗ ತುಂಬಿದ ಸುದ್ದಿ.

ಇಲ್ಲಿ ಮಾಡಬಾರದ್ದು ಎರಡು. ಒಂದು, ಜಾಗ ಮಾಡಲೆಂದು ಬ್ರೌಸರಿನಲ್ಲಿ ಒನ್‌ಡ್ರೈವ್ ತೆರೆದು ಫೋಟೊ ಅಳಿಸುವುದು. ಅಲ್ಲಿ ಅಳಿಸಿದರೆ ಲ್ಯಾಪ್‌ಟಾಪಿನಿಂದಲೂ ಹೋಗುತ್ತದೆ. ಅವು ಎರಡು ಪ್ರತಿಗಳಲ್ಲ, ಒಂದೇ ಫೈಲಿನ ಎರಡು ಬಾಗಿಲು. ಎರಡು, ಸಿಟ್ಟಿನಲ್ಲಿ ಒನ್‌ಡ್ರೈವನ್ನೇ ಅನ್‌ಇನ್‌ಸ್ಟಾಲ್ ಮಾಡುವುದು. ಮೋಡದಲ್ಲಿ ಮಾತ್ರ ಇರುವ ಫೈಲುಗಳು ಆಗ ತೆರೆಯುವುದಿಲ್ಲ.

ಮಾಡಬೇಕಾದ್ದು: ಮೊದಲು ಎಲ್ಲವನ್ನೂ ಒಂದು ಪೆನ್‌ಡ್ರೈವಿಗೋ ಹೊರಗಿನ ಹಾರ್ಡ್ ಡಿಸ್ಕಿಗೋ ಕಾಪಿ ಮಾಡಿ. ಆಮೇಲೆ ಬಲಗಡೆ ಕೆಳಮೂಲೆಯ ಮೋಡದ ಗುರುತು ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ನಿರ್ವಹಿಸುವ ಜಾಗಕ್ಕೆ ಹೋಗಿ, ಬೇಡದ ಫೋಲ್ಡರುಗಳನ್ನು ಆಫ್ ಮಾಡಿ. ಆಫ್ ಮಾಡಿದ ಕೂಡಲೇ ಡೆಸ್ಕ್‌ಟಾಪ್ ಬರಿದಾಗಿ ಕಂಡರೆ ಎದೆ ಹಿಡಿದುಕೊಳ್ಳಬೇಡಿ. ಫೈಲ್ ಎಕ್ಸ್‌ಪ್ಲೋರರಿನಲ್ಲಿ ಒನ್‌ಡ್ರೈವ್ ಎಂಬ ಫೋಲ್ಡರಿನೊಳಗೆ ಇನ್ನೊಂದು ಡೆಸ್ಕ್‌ಟಾಪ್ ಇರುತ್ತದೆ, ಎಲ್ಲವೂ ಅಲ್ಲಿ ಕೂತಿರುತ್ತದೆ. ಅಲ್ಲಿಂದ ನಿಮ್ಮ ಡೆಸ್ಕ್‌ಟಾಪಿಗೆ ತಂದುಕೊಳ್ಳಿ.

ಕನ್ನಡ ಸರಿಯಾಗಿ ಕಾಣದಿದ್ದರೆ, ಟೈಪ್ ಆಗದಿದ್ದರೆ

ಇಂಗ್ಲಿಷಿನಲ್ಲಿ ಬರೆದ ಸಹಾಯ ಪುಟಗಳು ಸಾಮಾನ್ಯವಾಗಿ ಹೇಳದ ತೊಂದರೆ ಇದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಕಂಪ್ಯೂಟರಿನಿಂದ ತಂದ ಅರ್ಜಿ, ಲೆಕ್ಕಪತ್ರ, ಶಾಲೆಯ ವರದಿ, ಅಜ್ಜ ಟೈಪ್ ಮಾಡಿಸಿಟ್ಟ ವಂಶಾವಳಿ ಹೊಸದರಲ್ಲಿ ತೆರೆದಾಗ ಕನ್ನಡದ ಬದಲು ಪೌಂಡಿನ ಚಿಹ್ನೆ, ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣಬಹುದು. ಫೈಲ್ ಕೆಟ್ಟಿಲ್ಲ, ವೈರಸ್ಸೂ ಅಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ, ಅದರಂಥ ಇತರ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಕಂಪ್ಯೂಟರಿನ ಮಟ್ಟಿಗೆ ಅಲ್ಲಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳೇ. ಆ ಫಾಂಟ್ ಇದ್ದರೆ ಮಾತ್ರ ಕಣ್ಣಿಗೆ ಕನ್ನಡ. ಹೊಸ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲ, ಅಷ್ಟೇ ಸಂಗತಿ.

ಆ ಫೈಲನ್ನು ಅಳಿಸಬೇಡಿ. ಬೇರೆ ಫಾಂಟ್ ಹಚ್ಚಿ ಸೇವ್ ಮಾಡಬೇಡಿ. ನುಡಿ ಹಾಕಿಕೊಳ್ಳಿ, ಅದರ ಫಾಂಟುಗಳು ಬಂದ ಮೇಲೆ ಪುಟ ಮೊದಲಿನಂತೆ ಕಾಣುತ್ತದೆ. ಆಮೇಲೆ ಫೈಲಿನ ಒಂದು ನಕಲು ತೆಗೆದು, ಆ ನಕಲನ್ನು ಯಾವ ಯಂತ್ರದಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಪರಿವರ್ತಿಸಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಪರಿವರ್ತನೆಯಾದದ್ದನ್ನು ಒಮ್ಮೆ ಓದದೆ ಯಾರಿಗೂ ಕಳಿಸಬಾರದು. ಮೂಲದ ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ, ಪಾಪ, ಪರಿವರ್ತಕಕ್ಕೆ ಅದು ಗೊತ್ತಾಗುವುದಿಲ್ಲ. ಅವನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿ ಮಾಡಿಟ್ಟಿರುತ್ತದೆ. ಅರ್ಕಾವತ್ತು ಬರುವ ಕಡೆಗಳನ್ನೂ ವಿಶೇಷವಾಗಿ ನೋಡಿ. ಜಮೀನಿನ ಪತ್ರ, ಹೆಸರಿನ ಪಟ್ಟಿ ಆದರೆ ಮೂಲವನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ಇನ್ನೊಂದು ಚಿಕ್ಕ ಕಾಟ. ಯೂನಿಕೋಡಿನಲ್ಲೇ ಇದ್ದ ಹಳೆಯ ಪತ್ರದ ಅಕ್ಷರಗಳು ಸರಿಯಾಗಿವೆ, ಆದರೆ ಸಾಲುಗಳು ಸರಿದು ನಾಲ್ಕು ಪುಟದ್ದು ಐದಾಗಿದೆ. ಹಳೆಯ ವಿಂಡೋಸಿನಲ್ಲಿ ಕನ್ನಡಕ್ಕೆ ತುಂಗಾ ಫಾಂಟ್ ತಾನಾಗಿ ಇರುತ್ತಿತ್ತು. ಈಗ ಮೊದಲೇ ಬರುವುದು ನಿರ್ಮಲಾ. ತುಂಗಾ ಹೆಚ್ಚುವರಿ ಫಾಂಟುಗಳ ಗುಂಪಿಗೆ ಸರಿದಿದೆ. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಅಂಡ್ ಲಾಂಗ್ವೇಜ್ ತೆರೆದು ಕನ್ನಡವನ್ನು ಭಾಷೆಯಾಗಿ ಸೇರಿಸಿದರೆ ಆ ಗುಂಪು ಇಂಟರ್ನೆಟ್ಟಿನಿಂದ ಇಳಿಯುತ್ತದೆ, ಪುಟಗಳು ಹಳೆಯ ಅಳತೆಗೆ ಬರುತ್ತವೆ. ತುಂಗಾ ಹುಡುಕಿಕೊಂಡು ಸಿಕ್ಕಸಿಕ್ಕ ತಾಣದ ಫಾಂಟ್ ಪ್ಯಾಕ್ ಇಳಿಸಬೇಡಿ. ಫಾಂಟ್ ಹೆಸರಿನಲ್ಲಿ ಇನ್‌ಸ್ಟಾಲರ್ ಬಂದರಂತೂ ಮುಟ್ಟಬೇಡಿ.

ಟೈಪಿಂಗಿನ ವಿಷಯ. ಕನ್ನಡ ಸೇರಿಸಿದೊಡನೆ ವಿಂಡೋಸ್ ಕೊಡುವ ಕೀಬೋರ್ಡ್ ನುಡಿಯದ್ದಲ್ಲ, ಇನ್‌ಸ್ಕ್ರಿಪ್ಟ್. ನುಡಿಯಲ್ಲಿ ಪಳಗಿದ ಕೈ, ಅಂದರೆ ಕೆ.ಪಿ. ರಾವ್ ವಿನ್ಯಾಸದಲ್ಲಿ ಪಳಗಿದ ಕೈ, ಒತ್ತಕ್ಷರಕ್ಕೆ ಎಫ್ ಕೀಲಿಗೆ ಹೋಗುತ್ತದೆ. ಇನ್‌ಸ್ಕ್ರಿಪ್ಟಿನಲ್ಲಿ ಆ ಕೆಲಸ ಡಿ ಕೀಲಿಯದು. ನ ಅಕ್ಷರ ನುಡಿಯಲ್ಲಿ ಎನ್ ಕೀಲಿಯಲ್ಲಿ, ಇಲ್ಲಿ ವಿ ಕೀಲಿಯಲ್ಲಿ. ಹತ್ತು ವರ್ಷ ಕಚೇರಿಯಲ್ಲಿ ಟೈಪ್ ಮಾಡಿದವರು ಹೊಸ ಲ್ಯಾಪ್‌ಟಾಪಿನಲ್ಲಿ "ಕನ್ನಡ" ಎಂದು ಬರೆಯಲಾರದೆ ಕೀಬೋರ್ಡ್ ಬದಲಿಸಿಕೊಡಿ ಎಂದು ಅಂಗಡಿಗೆ ಹೋಗುವುದು ಇದಕ್ಕೇ. ನುಡಿಯವರು ನುಡಿಯನ್ನೇ ಯೂನಿಕೋಡ್ ಆಯ್ಕೆಯಲ್ಲಿ ಬಳಸಲಿ. ಫೋನಿನಲ್ಲಿ ಇಂಗ್ಲಿಷ್ ಉಚ್ಚಾರಣೆ ಒತ್ತಿ ಕನ್ನಡ ಬರೆಯುವ ಮಕ್ಕಳಿಗೆ ಕನ್ನಡ ಫೊನೆಟಿಕ್ ಎಂಬ ಕೀಬೋರ್ಡನ್ನು ವಿಂಡೋಸೇ ಕೊಡುತ್ತದೆ, 2019ರಿಂದ. ಎರಡು ತಂತ್ರಾಂಶಗಳನ್ನು ಒಟ್ಟಿಗೆ ಆನ್ ಇಟ್ಟರೆ ಒಂದೊಂದು ಅಕ್ಷರ ಎರಡೆರಡು ಸಲ, ಇಲ್ಲವೇ ಬೇರೆಯದೇ ಅಕ್ಷರ ಬರುವುದುಂಟು. ಒಂದನ್ನು ಮುಚ್ಚಿಯೇ ಇನ್ನೊಂದನ್ನು ತೆರೆಯಿರಿ.

ಲಾಗಿನ್ ಪರದೆಯಲ್ಲಿ ಪಾಸ್‌ವರ್ಡ್ ತಪ್ಪು, ತಪ್ಪು ಎನ್ನುತ್ತಿದ್ದರೆ ಮತ್ತೆ ಮತ್ತೆ ಒತ್ತಿ ಖಾತೆಗೆ ಬೀಗ ಹಾಕಿಸಿಕೊಳ್ಳಬೇಡಿ. ಕೆಳಮೂಲೆಯಲ್ಲಿ ಯಾವ ಕೀಬೋರ್ಡ್ ಇದೆ ನೋಡಿ. ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಬಾರ್ ಒತ್ತಿದರೆ ಕನ್ನಡದಿಂದ ಇಂಗ್ಲಿಷಿಗೆ ಬರುತ್ತದೆ.

ಎಂದಿಗೂ ಮಾಡಬಾರದ್ದು

ಕ್ರ್ಯಾಕ್ ಹಾಕಬೇಡಿ, ಹಾಕಿಸಬೇಡಿ. ವಿಂಡೋಸ್ ಸಮೇತ ಕೊಂಡ ಲ್ಯಾಪ್‌ಟಾಪಿನ ಲೈಸೆನ್ಸ್ ಅದರ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಬರೆದಿರುತ್ತದೆ. ಅದೇ ಎಡಿಷನ್ ಮತ್ತೆ ಹಾಕಿದರೆ, ಇಂಟರ್ನೆಟ್ ಸಿಕ್ಕಾಗ ತಾನೇ ಆಕ್ಟಿವೇಟ್ ಆಗುತ್ತದೆ. ಹೋಮ್ ಎಡಿಷನ್ ಇದ್ದ ಯಂತ್ರಕ್ಕೆ "ಪ್ರೊ ಹಾಕ್ಕೊಡ್ತೀನಿ" ಎಂದು ಆಕ್ಟಿವೇಟರ್ ಓಡಿಸಿಕೊಡುವವರು, ನೀವು ದುಡ್ಡು ಕೊಟ್ಟು ಕೊಂಡ ಅಸಲಿಯನ್ನು ತೆಗೆದು ನಕಲಿ ಹಾಕುತ್ತಿದ್ದಾರೆ. ಆ ಆಕ್ಟಿವೇಟರ್ ಓಡಬೇಕಾದರೆ ಮೊದಲು ಆಂಟಿವೈರಸ್ ಆಫ್ ಮಾಡಿ ಎನ್ನುತ್ತದೆ. ಯಾಕೆ ಎಂದು ಕೇಳಿಕೊಳ್ಳಿ. ಹಗುರವಾಗಿದೆ ಎಂದು ವಿಂಡೋಸ್ 10 ಹಾಕಿಸುವುದೂ ಬೇಡ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ಕ್ಲೀನರ್, ಬೂಸ್ಟರ್, ಡ್ರೈವರ್ ಅಪ್‌ಡೇಟರ್ ಎಂಬ ಹೆಸರಿನ ಯಾವುದನ್ನೂ ಹಾಕಬೇಡಿ. ಹೊಸ ಯಂತ್ರದಲ್ಲಿ ಸಾವಿರಾರು ದೋಷ ಸಿಕ್ಕಿವೆ ಎಂದು ಕೆಂಪಕ್ಷರದಲ್ಲಿ ಹೇಳುವುದೇ ಅವುಗಳ ವ್ಯಾಪಾರ. ರಿಜಿಸ್ಟ್ರಿ ಶುಚಿ ಮಾಡುವ ತಂತ್ರಾಂಶಗಳನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ಡ್ರೈವರ್ ಬೇಕಾದರೆ ಎರಡೇ ಜಾಗ: ವಿಂಡೋಸ್ ಅಪ್‌ಡೇಟ್, ಮತ್ತು ಲ್ಯಾಪ್‌ಟಾಪ್ ತಯಾರಕರ ತಾಣ ಅಥವಾ ಆ್ಯಪ್.

ಎರಡು ಆಂಟಿವೈರಸ್ ಇಡಬೇಡಿ. ಜೊತೆಗೆ ಬಂದ ಪ್ರಯೋಗದ ಅವಧಿಯದು ಮುಗಿಯುತ್ತ ಬಂದಾಗ ಅಪಾಯ, ಅಪಾಯ ಎಂದು ದಿನವೂ ಕೂಗುತ್ತದೆ. ಬೇಡವೆಂದರೆ ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಕೊಡಿ. ವಿಂಡೋಸಿನ ಜೊತೆಗೇ ಇರುವ ಡಿಫೆಂಡರ್ ತಾನಾಗಿ ಎದ್ದು ಕಾವಲಿಗೆ ನಿಲ್ಲುತ್ತದೆ. ಮನೆಬಳಕೆಗೆ ಅದು ಸಾಕು.

ಪರದೆ ತುಂಬ ಎಚ್ಚರಿಕೆ, ಸೈರನ್ ಶಬ್ದ, ಜೊತೆಗೊಂದು ಫೋನ್ ನಂಬರ್ ಬಂದರೆ ಆ ನಂಬರಿಗೆ ಕರೆ ಮಾಡಬೇಡಿ. ಮೈಕ್ರೋಸಾಫ್ಟಿನ ಯಾವ ದೋಷ ಸಂದೇಶದಲ್ಲೂ ಫೋನ್ ನಂಬರ್ ಇರುವುದಿಲ್ಲ. ಅದು ಬ್ರೌಸರಿನ ಒಂದು ಪುಟ ಮಾತ್ರ. ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನು ಮುಚ್ಚಿ, ಮತ್ತೆ ತೆರೆದಾಗ ಹಳೆಯ ಪುಟಗಳನ್ನು ತರಬೇಕೇ ಎಂದರೆ ಬೇಡ ಎನ್ನಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಕಸ್ಟಮರ್ ಕೇರ್ ನಂಬರುಗಳನ್ನೂ ನಂಬಬೇಡಿ. ಬಾಕ್ಸಿನ ಮೇಲಿರುವುದು, ವಾರಂಟಿ ಕಾರ್ಡಿನಲ್ಲಿರುವುದು ಸರಿ. ಫೋನಿನಲ್ಲಿ ಯಾರೋ, ದೂರದಿಂದ ನಿಮ್ಮ ಯಂತ್ರ ನಡೆಸುವ ಎನಿಡೆಸ್ಕ್, ಟೀಮ್‌ವ್ಯೂವರ್ ಹಾಕಿ ಕೋಡ್ ಹೇಳಿ ಎಂದರೆ ಇಟ್ಟುಬಿಡಿ. ಈಗಾಗಲೇ ಹೇಳಿ ದುಡ್ಡು ಹೋಗಿದ್ದರೆ ನಾಚಿಕೆಪಟ್ಟು ಕೂರಬೇಡಿ: ಇಂಟರ್ನೆಟ್ ಕಡಿದು, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವ ಸಾಧ್ಯತೆ ಇರುವುದು ಆ ಮೊದಲ ಹೊತ್ತಿನಲ್ಲಿ.

ಅಪ್‌ಡೇಟನ್ನು ಶಾಶ್ವತವಾಗಿ ನಿಲ್ಲಿಸುವ ಉಪಾಯಗಳನ್ನು ಮಾಡಬೇಡಿ. ಪರೀಕ್ಷೆ, ಸಂದರ್ಶನ ಇದ್ದರೆ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಪಾಜ್ ಎಂಬ ಬಟನ್ ಇದೆ, ಐದು ವಾರದವರೆಗೆ ತಡೆಯಬಹುದು.

ಇಷ್ಟಕ್ಕೂ ಬಗ್ಗದಿದ್ದರೆ

ಒಂದು ಅಪ್‌ಡೇಟ್ ಬಂದ ಮೇಲೆಯೇ ತೊಂದರೆ ಶುರುವಾಗಿದ್ದರೆ ಅಪ್‌ಡೇಟ್ ಹಿಸ್ಟರಿಯಲ್ಲಿ ಅದೊಂದನ್ನು ತೆಗೆಯಿರಿ. ವಿಂಡೋಸಿನ ಫೈಲುಗಳೇ ಕೆಟ್ಟಿರುವ ಗುಮಾನಿಯಿದ್ದರೆ, ಟರ್ಮಿನಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಮೊದಲು ಡಿಸ್ಮ್‌ನ ರಿಸ್ಟೋರ್‌ಹೆಲ್ತ್ ಆಜ್ಞೆ, ಅದು ಮುಗಿದ ಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಓಡಿಸಿ. ಈ ಕ್ರಮ ಹಿಂದುಮುಂದು ಮಾಡಬೇಡಿ. ಎರಡನೆಯದು ಒಳ್ಳೆಯ ಪ್ರತಿಗಳನ್ನು ತರುವ ಉಗ್ರಾಣವನ್ನು ಮೊದಲನೆಯದು ಸರಿಮಾಡುತ್ತದೆ. ವಿಂಡೋಸ್ ಏಳುವುದೇ ಇಲ್ಲ ಎಂದಾದರೆ, ಲೋಗೊ ಕಂಡ ಕೂಡಲೇ ಪವರ್ ಬಟನ್ ಹಿಡಿದು ಆಫ್ ಮಾಡುವುದನ್ನು ಮೂರು ಸಲ ಮಾಡಿದರೆ ರಿಪೇರಿ ಪರದೆ ಬರುತ್ತದೆ. ಅಲ್ಲಿ ಸೇಫ್ ಮೋಡಿಗೆ ದಾರಿಯಿದೆ. ಆ 48 ಅಂಕಿ ಕೇಳುವುದೂ ಅಲ್ಲೇ.

ರೀಸೆಟ್ ದಿಸ್ ಪಿಸಿ ಕೊನೆಯ ಅಸ್ತ್ರ. ಕೀಪ್ ಮೈ ಫೈಲ್ಸ್ ಎಂದರೆ ಫೈಲುಗಳು ಉಳಿಯುತ್ತವೆ, ನೀವು ಹಾಕಿದ ನುಡಿ, ಟ್ಯಾಲಿ, ಪ್ರಿಂಟರಿನ ಸಾಫ್ಟ್‌ವೇರ್ ಎಲ್ಲ ಹೋಗುತ್ತವೆ. ಉಳಿಯುತ್ತವೆ ಎಂಬ ಭರವಸೆಯ ಮೇಲೂ ಹೊರಗೊಂದು ಕಾಪಿ ಇಲ್ಲದೆ ಒತ್ತಬೇಡಿ. ಕ್ಲೌಡ್ ಡೌನ್‌ಲೋಡ್ ಆರಿಸಿದರೆ 4 ಜಿಬಿಗಿಂತ ಹೆಚ್ಚು ಡೇಟಾ ಬೇಕು. ಹಾಟ್‌ಸ್ಪಾಟಿನವರು ಲೋಕಲ್ ಎಂಬುದನ್ನು ಆರಿಸಲಿ. ಡಿಸ್ಕಿನಲ್ಲಿ ರಿಕವರಿ ಎಂಬ ಹೆಸರಿನ ಪುಟ್ಟ ಭಾಗ ಕಂಡರೆ ಜಾಗ ಉಳಿಸಲು ಅದನ್ನು ಅಳಿಸಬೇಡಿ.

ಸರ್ವಿಸ್ ಸೆಂಟರಿಗೆ ಕೊಡುವಾಗ ಫೈಲುಗಳ ಕಾಪಿ ಮನೆಯಲ್ಲಿರಲಿ, ಬ್ರೌಸರಿನಲ್ಲಿ ಉಳಿಸಿಟ್ಟ ಬ್ಯಾಂಕ್ ಪಾಸ್‌ವರ್ಡುಗಳನ್ನು ತೆಗೆದಿರಿ. ಪಿನ್ ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೆ ಅಂಟಿಸಿ ಕೊಡಬೇಡಿ; ಬೇಕೆಂದರೆ ಎದುರಿಗೇ ಕೂತು ಒತ್ತಿಕೊಡಿ. ಸೀರಿಯಲ್ ನಂಬರ್, ತೊಂದರೆಯ ವಿವರ, ಕೊಟ್ಟ ದಿನಾಂಕ ಬರೆದ ಜಾಬ್ ಶೀಟ್ ಪಡೆಯದೆ ಹೊರಡಬೇಡಿ. "ಫಾರ್ಮ್ಯಾಟ್ ಹೊಡೀಬೇಕು" ಎಂದು ನೋಡುವ ಮೊದಲೇ ಹೇಳಿದರೆ, ಯಾವ ಎಡಿಷನ್ ಹಾಕುತ್ತೀರಿ, ಆಫೀಸ್ ಏನಾಗುತ್ತದೆ ಎಂದು ಕೇಳಿ, ಉತ್ತರವನ್ನು ಅದೇ ಶೀಟಿನ ಮೇಲೆ ಬರೆಸಿಕೊಳ್ಳಿ.